6, 10, 13, 16, 32: ಯಾವ ಉಪಕರಣಕ್ಕೆ ಯಾವ ಪ್ಲಗ್?

ಹೊಸ ಉಪಕರಣ ಬಂದಿದೆ. ಅದರ ಪ್ಲಗ್ ದಪ್ಪ, ಗೋಡೆಯ ಸಾಕೆಟ್ ಸಣ್ಣದು. ಕನ್ವರ್ಟರ್ ಹಾಕಿದರೆ ನಡೆದೀತೇ? ಪ್ಲಗ್ ಕತ್ತರಿಸಿ ಚಿಕ್ಕದೊಂದನ್ನು ಜೋಡಿಸಬಹುದೇ? ಸಾಕೆಟ್ಟನ್ನೇ ಬದಲಿಸಬೇಕೇ, ಅಥವಾ ಪ್ಲಗ್ಗಿನ ಗೊಡವೆಯೇ ಬೇಡವೆಂದು ವೈರನ್ನು ನೇರವಾಗಿ ಸ್ವಿಚ್ಚಿಗೆ ಸೇರಿಸಿಬಿಡಬೇಕೇ? ಕೇಳುವವರ ಉಪಕರಣ ಬೇರೆ ಬೇರೆ, ಗೊಂದಲ ಮಾತ್ರ ಒಂದೇ.

‘ದೊಡ್ಡದನ್ನೇ ಹಾಕಿಸಿ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ದೊಡ್ಡ ಸಾಕೆಟ್ಟಿನ ಹಿಂದೆ ತೆಳ್ಳನೆಯ ವೈರ್ ಇದ್ದರೆ ಅಪಾಯ ಕಡಿಮೆಯಾಗುವುದಿಲ್ಲ, ಗೋಡೆಯೊಳಗೆ ಸರಿದು ಕಣ್ಣಿಗೆ ಕಾಣದಂತಾಗುತ್ತದೆ. ಆದ್ದರಿಂದ ಯಾವ ಪ್ಲಗ್ ಎಂದು ಕೇಳುವ ಮೊದಲು ಯಾವುದರಿಂದ ಅಳೆಯಬೇಕು ಎಂಬುದನ್ನು ಗಟ್ಟಿ ಮಾಡಿಕೊಳ್ಳೋಣ. ಬಹಳ ಮಂದಿ ಮೊದಲು ವ್ಯಾಟ್ ನೋಡುತ್ತಾರೆ. ವ್ಯಾಟ್ ಬೇಕು, ನಿಜ. ಆದರೆ ಪ್ಲಗ್ಗಿನ ಆಯುಸ್ಸನ್ನು ನಿರ್ಧರಿಸುವುದು ಆ ವ್ಯಾಟ್ ಎಷ್ಟು ಹೊತ್ತು ಹರಿಯುತ್ತದೆ ಎಂಬುದು. ಅದನ್ನು ಕೇಳುವವರು ಕಡಿಮೆ.

ಅಳತೆಗೋಲುಗಳು

ಮೊದಲನೆಯದು ಕರೆಂಟ್. ವ್ಯಾಟನ್ನು ವೋಲ್ಟೇಜಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 230 ವೋಲ್ಟ್ ಇರುವಲ್ಲಿ 6 ಆಂಪಿಯರ್ ಎಂದರೆ 1,380 ವ್ಯಾಟ್, 10 ಎಂದರೆ 2,300, 13 ಎಂದರೆ 2,990, 16 ಎಂದರೆ 3,680, 32 ಎಂದರೆ 7,360. 120 ವೋಲ್ಟ್ ಬಳಸುವ ದೇಶಗಳಲ್ಲಿ 15 ಆಂಪಿಯರ್ ಪ್ಲಗ್ಗಿಗೂ 1,800 ವ್ಯಾಟ್ ಮಾತ್ರ ದಕ್ಕುತ್ತದೆ. ಹೀಗಾಗಿ ಬೇರೆ ದೇಶದವರು ಬರೆದ ಸಲಹೆಯನ್ನು ಅಂಕಿ ಸಮೇತ ಎತ್ತಿಕೊಂಡು ಬಂದರೆ ಲೆಕ್ಕ ತಲೆಕೆಳಗಾಗುತ್ತದೆ.

ಈ ಭಾಗಾಕಾರ ಹೀಟರ್, ಇಸ್ತ್ರಿ ಪೆಟ್ಟಿಗೆ, ಕೆಟಲ್‌ಗಳಂತೆ ಬರೀ ಶಾಖ ಕೊಡುವ ಉಪಕರಣಗಳಿಗೆ ಸರಿಹೋಗುತ್ತದೆ. ಮೋಟಾರಿಗೆ ಸಾಲದು. ಒಂದು ಎಚ್‌ಪಿ (ಅಶ್ವಶಕ್ತಿ) ಎಂದರೆ 746 ವ್ಯಾಟ್, ಅಂದರೆ ಮೂರೂಕಾಲು ಆಂಪಿಯರ್, ಅಂದರೆ ಸಣ್ಣ ಪ್ಲಗ್ ಧಾರಾಳವಾಯಿತು ಎಂದು ಲೆಕ್ಕ ಹಾಕುವವರು ಒಂದು ಸಂಗತಿ ಮರೆತಿರುತ್ತಾರೆ: 746 ವ್ಯಾಟ್ ಎಂಬುದು ಮೋಟಾರಿನ ದಂಡ ಹೊರಗೆ ಕೊಡುವ ಶಕ್ತಿ, ಅದು ಒಳಗೆ ಎಳೆಯುವ ಶಕ್ತಿಯಲ್ಲ. ಮೋಟಾರಿನ ದಕ್ಷತೆ 65 ಶೇಕಡಾ ಎಂದಿಟ್ಟುಕೊಂಡರೆ ಒಳಕ್ಕೆ ಬೇಕಾದದ್ದು ಸುಮಾರು 1,150 ವ್ಯಾಟ್. ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, 0.8 ಆದರೆ ಹರಿಯುವ ಕರೆಂಟ್ 6 ಆಂಪಿಯರನ್ನು ದಾಟುತ್ತದೆ. ಕಾಗದದ ಮೇಲೆ ಅರ್ಧದಷ್ಟು ಖಾಲಿ ಇದ್ದ 6 ಆಂಪಿಯರ್ ಪ್ಲಗ್ ಈಗ ಅಂಚು ಮೀರಿದೆ. ಮೈಕ್ರೊವೇವ್ ಓವನ್ನಿನದೂ ಇದೇ ಕಥೆ. ಅದರ ಬಾಗಿಲ ಮೇಲೆ ಬರೆದ 800 ವ್ಯಾಟ್ ಎಂಬುದು ಆಹಾರಕ್ಕೆ ಮುಟ್ಟುವ ಶಕ್ತಿ. ಗೋಡೆಯಿಂದ ಎಳೆಯುವುದು 1,200ರ ಆಸುಪಾಸು. ಬೆನ್ನಿನ ಮೇಲಿರುವ ಪಟ್ಟಿಯಲ್ಲಿ ಆಂಪಿಯರ್ ಅಥವಾ ಇನ್‌ಪುಟ್ ಎಂದು ಬರೆದ ಅಂಕಿಯೇ ನಿಮಗೆ ಬೇಕಾದ ಅಂಕಿ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಮಾರಾಟಗಾರನಿಗೆ ಬೇಕಾದ ಅಂಕಿ.

ವೋಲ್ಟೇಜ್ ಇಳಿದಾಗ ಏನಾಗುತ್ತದೆ ಎಂಬುದನ್ನೂ ಗಮನಿಸಬೇಕು. 2,000 ವ್ಯಾಟಿನ ಹೀಟರ್ 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ. 200ಕ್ಕೆ ಇಳಿದರೆ ಸುಮಾರು 7.6ಕ್ಕೆ ಸಾಕುಮಾಡುತ್ತದೆ, ಕಾಯುವುದು ನಿಧಾನವಾಗುತ್ತದೆ, ಅಷ್ಟೆ. ಇನ್ವರ್ಟರ್ ಎಸಿ ಹಾಗಲ್ಲ. ಅದು ತನಗೆ ಬೇಕಾದ ಶಕ್ತಿಯನ್ನು ಬಿಟ್ಟುಕೊಡುವುದಿಲ್ಲ. 1,500 ವ್ಯಾಟಿಗೆ 230 ವೋಲ್ಟಿನಲ್ಲಿ 6.5 ಆಂಪಿಯರ್ ಸಾಕಾಗಿದ್ದರೆ, 180 ವೋಲ್ಟಿನಲ್ಲಿ 8.3 ಬೇಕಾಗುತ್ತದೆ. ವೋಲ್ಟೇಜ್ ಕುಸಿಯುವ ಜಾಗದಲ್ಲಿ ಇಂಥ ಉಪಕರಣಕ್ಕೆ ಅಂಚಿನ ಲೆಕ್ಕ ಹಾಕಬೇಡಿ.

ಎರಡನೆಯದು ಹೊತ್ತು. ನನ್ನ ಮಟ್ಟಿಗೆ ಇದೇ ಮುಖ್ಯ. ಪ್ಲಗ್ಗಿನ ಪಿನ್ನು ಸಾಕೆಟ್ಟಿನ ಒಳಗಿನ ಹಿತ್ತಾಳೆ ಪಟ್ಟಿಯನ್ನು ತಾಗುವ ಜಾಗದಲ್ಲಿ ಸ್ವಲ್ಪವಾದರೂ ರೋಧ ಇದ್ದೇ ಇರುತ್ತದೆ. ಹೊಸದರಲ್ಲಿ ಅದು ನಗಣ್ಯ. ಸ್ಪ್ರಿಂಗ್ ಸಡಿಲಾದಂತೆ, ಪಿನ್ನಿಗೆ ಕಿಲುಬು ಹಿಡಿದಂತೆ ಬೆಳೆಯುತ್ತದೆ. ಅಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣ: ಕರೆಂಟ್ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟು. ಸಂಪರ್ಕದ ರೋಧ ಒಂದು ಓಮಿನ ಹತ್ತನೇ ಒಂದು ಭಾಗ ಎಂದುಕೊಳ್ಳಿ. 6 ಆಂಪಿಯರಿಗೆ ಅಲ್ಲಿ ಮೂರೂವರೆ ವ್ಯಾಟ್ ಶಾಖ, 13 ಆಂಪಿಯರಿಗೆ ಸುಮಾರು 17 ವ್ಯಾಟ್, 16ಕ್ಕೆ 25 ವ್ಯಾಟ್ ದಾಟುತ್ತದೆ. 25 ವ್ಯಾಟ್ ಎಂದರೆ ಸೀಸ ಕರಗಿಸಿ ಬೆಸುಗೆ ಹಾಕುವ ಸಣ್ಣ ಕಡ್ಡಿಯಷ್ಟು ಶಾಖ, ಅದೂ ಮುಚ್ಚಿದ ಪ್ಲಾಸ್ಟಿಕ್ಕಿನೊಳಗೆ. ಮೂರು ನಿಮಿಷ ಓಡುವ ಕೆಟಲ್ ಇದನ್ನು ದಾಟಿಕೊಂಡು ಹೋಗುತ್ತದೆ. ರಾತ್ರಿಯಿಡೀ ಚಾರ್ಜಿಗೆ ಹಾಕಿದ ವಿದ್ಯುತ್ ಕಾರು ದಾಟುವುದಿಲ್ಲ.

ಕರೆಂಟ್ ಮಿತಿ ಮೀರಿದರೆ ತಾನಾಗಿ ಕಡಿಯುವ ಎಂಸಿಬಿ ಸ್ವಿಚ್ ಇದೆಯಲ್ಲ, ಅದು ಬೀಳುತ್ತದೆ ಎಂದುಕೊಳ್ಳುವವರಿಗೆ ಒಂದು ಮಾತು. ಎಂಸಿಬಿ ನೋಡುವುದು ಕರೆಂಟನ್ನು. ಸಡಿಲ ಸಂಪರ್ಕದಲ್ಲಿ ಕರೆಂಟ್ ಹೆಚ್ಚುವುದಿಲ್ಲ. ರೋಧ ಸೇರಿದ್ದರಿಂದ ಒಂದು ಕೂದಲೆಳೆ ಕಡಿಮೆಯೇ ಆಗುತ್ತದೆ. ಪ್ಲಗ್ ಕರಗುತ್ತಿದ್ದರೂ ಎಂಸಿಬಿಯ ದೃಷ್ಟಿಯಲ್ಲಿ ಎಲ್ಲವೂ ಕ್ಷೇಮ.

ಆದ್ದರಿಂದ ಬಹು ಹೊತ್ತು ಎಡೆಬಿಡದೆ ನಡೆಯುವ ಲೋಡಿಗೆ ಪ್ಲಗ್ಗಿನ ಮೇಲೆ ಬರೆದ ಆಂಪಿಯರಿನ 80 ಶೇಕಡಾ ಮೀರಬೇಡಿ ಎಂಬ ರೂಢಿಯಿದೆ. ಅಮೆರಿಕದ ವಿದ್ಯುತ್ ನಿಯಮಾವಳಿ ಮೂರು ಗಂಟೆ ಅಥವಾ ಹೆಚ್ಚು ನಡೆಯುವುದನ್ನು ನಿರಂತರ ಲೋಡ್ ಎಂದು ಕರೆದು ಈ ಲೆಕ್ಕವನ್ನು ಕಡ್ಡಾಯವಾಗಿಯೇ ಹಾಕಿಸುತ್ತದೆ. ನಿಯಮ ಎಲ್ಲಿಯದಾದರೂ ಶಾಖದ ಲೆಕ್ಕ ಒಂದೇ. 6ಕ್ಕೆ 4.8, 10ಕ್ಕೆ 8, 13ಕ್ಕೆ 10.4, 16ಕ್ಕೆ 12.8, 32ಕ್ಕೆ 25.6 ಆಂಪಿಯರ್ ಎಂದು ನೆನಪಿಟ್ಟುಕೊಂಡರೆ ಮುಂದಿನದು ಸಲೀಸು.

ಮೂರನೆಯದು ಹಿಂದಿರುವ ವೈರ್ ಮತ್ತು ಎಂಸಿಬಿ. 16 ಆಂಪಿಯರ್ ಸಾಕೆಟ್ಟಿಗೆ ರೂಢಿಯಲ್ಲಿ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆಯುತ್ತಾರೆ, ದೂರ ಹೆಚ್ಚಿದ್ದರೆ 4. ಸಣ್ಣ ಸಾಕೆಟ್ಟುಗಳಿಗೆ ಎಳೆದಿರುವುದು 1.5 ಅಥವಾ ಅದಕ್ಕೂ ತೆಳುವಾದದ್ದು, ಅದೂ ದೀಪ, ಫ್ಯಾನುಗಳ ಜೊತೆ ಹಂಚಿಕೊಂಡಿರುತ್ತದೆ. ಉಳಿದ ಎರಡನ್ನು ಬೇಗ ಹೇಳಿ ಮುಗಿಸುತ್ತೇನೆ. ಲೋಹದ ಮೈಯುಳ್ಳ ಅಥವಾ ನೀರಿನ ಸಂಪರ್ಕವಿರುವ ಉಪಕರಣಕ್ಕೆ ಅರ್ಥಿಂಗ್ ಪಿನ್ ಇರಲೇಬೇಕು, ಆ ಪಿನ್ನಿನ ಹಿಂದೆ ನಿಜವಾಗಿ ಅರ್ಥಿಂಗ್ ಇರಬೇಕು. ಮತ್ತೆ, ದಿನವೂ ಚುಚ್ಚಿ ತೆಗೆಯುವ ಪ್ಲಗ್ಗಿನ ಸ್ಪ್ರಿಂಗ್ ಒಮ್ಮೆ ಚುಚ್ಚಿ ಬಿಟ್ಟ ಪ್ಲಗ್ಗಿನದಕ್ಕಿಂತ ಬೇಗ ಸೋಲುತ್ತದೆ.

ಸಣ್ಣ ಪ್ಲಗ್ಗುಗಳು: ಎರಡೂವರೆಯಿಂದ 10 ಆಂಪಿಯರ್

ಯುರೋಪಿನ ಚಪ್ಪಟೆ ಎರಡು ಪಿನ್ನಿನ ಪ್ಲಗ್ಗಿಗೆ ಎರಡೂವರೆ ಆಂಪಿಯರ್ ಮಿತಿ, ಅರ್ಥಿಂಗ್ ಇಲ್ಲ. ಚಾರ್ಜರ್, ರೇಡಿಯೊ, ಟಿವಿಗೆ ಅದೇ ಧಾರಾಳ. ಭಾರತದ ಐಎಸ್ 1293 ಮಾನದಂಡದ ಸಣ್ಣ ಪ್ಲಗ್ 6 ಆಂಪಿಯರಿನದು, ಆಸ್ಟ್ರೇಲಿಯಾದ ಸಾಮಾನ್ಯ ಪ್ಲಗ್ 10 ಆಂಪಿಯರಿನದು. ಕಂಪ್ಯೂಟರ್, ಫ್ರಿಜ್, ಮಿಕ್ಸಿ, ಫ್ಯಾನ್, ದೀಪ ಇವೆಲ್ಲ ಇಲ್ಲಿಗೆ ಸೇರಿದವು, ಇವುಗಳಿಗೆ ದೊಡ್ಡ ಪ್ಲಗ್ ಹಾಕಿಸುವುದರಿಂದ ಏನೂ ಸಿಗುವುದಿಲ್ಲ.

ತೊಡಕು ಶುರುವಾಗುವುದು 1,000ದಿಂದ 1,400 ವ್ಯಾಟ್ ನಡುವೆ. ಇಸ್ತ್ರಿ ಪೆಟ್ಟಿಗೆ 1,000 ವ್ಯಾಟಿನದಾದರೆ 6 ಆಂಪಿಯರಿನಲ್ಲಿ ನಿಶ್ಚಿಂತೆ. ಥರ್ಮೋಸ್ಟಾಟ್ ಆಗಾಗ ಕಡಿಯುತ್ತಲೂ ಇರುತ್ತದೆ. ಮೈಕ್ರೊವೇವ್ 1,200ರದಾದರೆ 5.2 ಆಂಪಿಯರ್: ಐದು ನಿಮಿಷ ಬಿಸಿ ಮಾಡುವವರಿಗೆ ಒಳ್ಳೆಯ ಸಾಕೆಟ್ ಇದ್ದರೆ ಸಾಕು, ಕೇಕ್ ಬೇಯಿಸುವವರಿಗೆ ಸಾಲದು. ಕನ್ವೆಕ್ಷನ್ ಓವನ್ನುಗಳು 2,000 ವ್ಯಾಟ್ ದಾಟುವುದುಂಟು, ಅವು ಈ ಸಾಲಿಗೇ ಸೇರಿದವಲ್ಲ. ಒಂದು ಎಚ್‌ಪಿ ಪಂಪನ್ನು 6 ಆಂಪಿಯರಿನ ಪ್ಲಗ್ಗಿಗೆ ಹಾಕುವುದು ತಪ್ಪೇ. ಮೇಲಿನ ಲೆಕ್ಕದ ಜೊತೆಗೆ ಮೋಟಾರು ಹೊರಡುವ ಕ್ಷಣದಲ್ಲಿ ಓಡುವಾಗಿನ ಐದರಿಂದ ಏಳು ಪಟ್ಟು ಕರೆಂಟ್ ಎಳೆಯುತ್ತದೆ. ಆ ಕ್ಷಣಿಕ ಏರಿಕೆಯನ್ನು ಪ್ಲಗ್ ತಾಳಿಕೊಳ್ಳುತ್ತದೆ. ಆದರೆ ಸ್ವಿಚ್ ಹಾಕಿಟ್ಟು ಪ್ಲಗ್ ಚುಚ್ಚಿ ಮೋಟಾರು ಹೊರಡಿಸುವ ಅಭ್ಯಾಸ ಇದ್ದರೆ ಪ್ರತಿ ಸಲವೂ ಪಿನ್ನಿನ ತುದಿ ಕಿಡಿಯಲ್ಲಿ ಸುಡುತ್ತದೆ.

ಫ್ಯೂಸ್ ಇರುವ 13

ಬ್ರಿಟನ್ನಿನ ಬಿಎಸ್ 1363 ಪ್ಲಗ್ಗಿನ ಹೊಟ್ಟೆಯಲ್ಲಿ ಫ್ಯೂಸ್ ಇದೆ. ಅಲ್ಲಿ ಒಂದು ಉಂಗುರದ ಹಾಗೆ ಸುತ್ತಿ ಬರುವ ಸರ್ಕ್ಯೂಟಿಗೆ 32 ಆಂಪಿಯರ್ ರಕ್ಷಣೆ ಇರುತ್ತದೆ. ಮೇಜಿನ ದೀಪದ ತೆಳು ವೈರನ್ನು 32 ಆಂಪಿಯರಿನ ಎಂಸಿಬಿ ಕಾಯಲಾರದು, ಹಾಗಾಗಿ ಪ್ಲಗ್ಗಿನಲ್ಲಿಯೇ ಫ್ಯೂಸ್. ಸುಮಾರು 700 ವ್ಯಾಟ್‌ವರೆಗೆ 3 ಆಂಪಿಯರ್ ಫ್ಯೂಸ್, ಅದರ ಮೇಲೆ 13. ಈ ಏರ್ಪಾಟು ನನಗೆ ಬಹಳ ಮೆಚ್ಚುಗೆ, ಏಕೆಂದರೆ ಬೇರೆ ಪದ್ಧತಿಗಳು ಕಂಡೂ ಕಾಣದಂತಿರುವ ಒಂದು ಕೊರತೆಯನ್ನು ಇದು ತುಂಬುತ್ತದೆ. 6 ಮತ್ತು 16 ಎರಡೂ ಹಿಡಿಸುವ ಸಂಯುಕ್ತ ಸಾಕೆಟ್ಟಿಗೆ ಸಣ್ಣ ಪ್ಲಗ್ ಚುಚ್ಚಿದಾಗ, ಆ ತೆಳು ವೈರಿನ ಮೇಲಿನ ಅಧಿಕ ಲೋಡನ್ನು 16 ಅಥವಾ 20ರ ಎಂಸಿಬಿ ಗಮನಿಸುವುದಿಲ್ಲ. ಶಾರ್ಟ್ ಆದರೆ ಬೀಳುತ್ತದೆ. ವೈರ್ ನಿಧಾನವಾಗಿ ಬೇಯುತ್ತಿದ್ದರೆ ಬೀಳುವುದಿಲ್ಲ.

ಆದರೆ 13ರ ಫ್ಯೂಸ್ 14 ಆದ ಕೂಡಲೇ ಹಾರಿಹೋಗುತ್ತದೆ ಎಂದು ನಂಬಬೇಡಿ. ಸ್ವಲ್ಪ ಹೆಚ್ಚಿನ ಕರೆಂಟನ್ನು ಅದು ಬಹಳ ಹೊತ್ತು ಸಹಿಸುತ್ತದೆ. ಜೊತೆಗೆ ಫ್ಯೂಸೂ ಬಿಸಿಯಾಗುವ ವಸ್ತುವೇ. 3,000 ವ್ಯಾಟಿನ ಕೆಟಲಿಗೆ ಈ ಪ್ಲಗ್ ತಕ್ಕದ್ದು, ಅಷ್ಟೇ ವ್ಯಾಟಿನ ಹೀಟರನ್ನು ದಿನವಿಡೀ ಓಡಿಸುವುದಕ್ಕೆ ಅಲ್ಲ.

15 ಮತ್ತು 16: ಮನೆಯ ಭಾರ ಹೊರುವ ಪ್ಲಗ್

ಗೀಸರ್, ಎಸಿ, ಹೀಟರ್ ಇರುವ ವಾಷಿಂಗ್ ಮಷೀನ್, ಇಂಡಕ್ಷನ್ ಒಲೆ ಇವೆಲ್ಲದರ ಮನೆ ಇದು. ಐಎಸ್ 1293ರ ದೊಡ್ಡ ಪ್ಲಗ್ಗಿನ ಪಿನ್ನು ಸುಮಾರು 7 ಮಿಲಿಮೀಟರ್ ದಪ್ಪ, ಸಣ್ಣದರದ್ದು 5. ತಾಗುವ ಮೈ ಹೆಚ್ಚಿದಷ್ಟೂ ಶಾಖ ಕಡಿಮೆ. ಯುರೋಪಿನ ಶುಕೊ ಪ್ಲಗ್ಗೂ 16ರದೇ. ಆಸ್ಟ್ರೇಲಿಯಾದವರು 15 ಆಂಪಿಯರ್ ಪ್ಲಗ್ಗಿನ ಅರ್ಥ್ ಪಿನ್ನನ್ನು ಅಗಲ ಮಾಡಿದ್ದಾರೆ, 10ರ ಸಾಕೆಟ್ಟಿಗೆ ಅದು ಹೋಗುವುದೇ ಇಲ್ಲ. ಸಣ್ಣ ಪ್ಲಗ್ ಮಾತ್ರ ದೊಡ್ಡ ಸಾಕೆಟ್ಟಿಗೆ ಹೋಗುತ್ತದೆ. ಅಳತೆ ಗೊತ್ತಿಲ್ಲದವನೂ ತಪ್ಪು ಮಾಡಲಾಗದಂತೆ ಯೋಚಿಸಿದ ವಿನ್ಯಾಸ. ಆ ಪಿನ್ನನ್ನು ಅರದಿಂದ ಉಜ್ಜಿ ಕಿರಿದು ಮಾಡುವವನು ಆ ಯೋಚನೆಯನ್ನೇ ಉಜ್ಜಿ ಹಾಕಿದಂತೆ.

2,000 ವ್ಯಾಟಿನ ಗೀಸರಿಗೆ 8.7 ಆಂಪಿಯರ್, 16ರ ಪ್ಲಗ್ಗಿನಲ್ಲಿ ನೆಮ್ಮದಿ. 3,000 ವ್ಯಾಟಿನದಕ್ಕೆ 13 ಆಂಪಿಯರ್: 80 ಶೇಕಡಾದ ಗೆರೆಯನ್ನು ಮುಟ್ಟಿಯೂ ಮುಟ್ಟದಂತೆ ದಾಟುತ್ತದೆ, ಆದರೆ ಅರ್ಧ ಗಂಟೆಯಲ್ಲಿ ಥರ್ಮೋಸ್ಟಾಟ್ ಕಡಿಯುವುದರಿಂದ ಒಳ್ಳೆಯ ಸಾಕೆಟ್ ಇದ್ದರೆ ನಡೆಯುತ್ತದೆ. ವಿದ್ಯುತ್ ಕಾರನ್ನು ಈ ಸಾಕೆಟ್ಟಿನಿಂದ ಚಾರ್ಜ್ ಮಾಡುವವರು ಕರೆಂಟನ್ನು 8 ಅಥವಾ 10 ಆಂಪಿಯರಿಗೆ ಇಳಿಸಿಡಬೇಕು. ಕಾರಿನ ಜೊತೆ ಬರುವ ಎಷ್ಟೋ ಕೇಬಲ್ಲುಗಳು ತಾವಾಗಿಯೇ ಅಲ್ಲಿಗೆ ನಿಲ್ಲುತ್ತವೆ, ಕೆಲವದರ ಪ್ಲಗ್ಗಿನಲ್ಲಿ ಉಷ್ಣತೆ ಅಳೆಯುವ ಸೆನ್ಸರ್ ಕೂಡ ಇರುತ್ತದೆ. ತಯಾರಕರಿಗೆ ಗೋಡೆಯ ಸಾಕೆಟ್ಟಿನ ಮೇಲೆ ಎಷ್ಟು ವಿಶ್ವಾಸ ಎಂಬುದು ಇದರಿಂದಲೇ ತಿಳಿಯುತ್ತದೆ.

ದುಂಡನೆಯ ಕೈಗಾರಿಕಾ ಪ್ಲಗ್

ಐಇಸಿ 60309 ಮಾನದಂಡದ ದುಂಡು ಪ್ಲಗ್ಗುಗಳು 16, 32, 63, 125 ಆಂಪಿಯರಿನಲ್ಲಿ ಸಿಗುತ್ತವೆ. ನೀಲಿ ಬಣ್ಣ 230 ವೋಲ್ಟಿನ ವರ್ಗಕ್ಕೆ, ಕೆಂಪು 400ರ ವರ್ಗಕ್ಕೆ, ಹಳದಿ 110ಕ್ಕೆ. ಅರ್ಥ್ ಪಿನ್ನಿನ ಜಾಗ ವೋಲ್ಟೇಜಿಗೆ ತಕ್ಕಂತೆ ಬದಲಾಗುವುದರಿಂದ ಒಂದರದ್ದು ಇನ್ನೊಂದಕ್ಕೆ ಕೂರುವುದೇ ಇಲ್ಲ. ಮುಚ್ಚಳದ ಕೊಂಡಿ ಪ್ಲಗ್ಗನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಳೆ ಧೂಳಿಗೆ ತಾಳುವ ಮಾದರಿಗಳಿವೆ.

ವೆಲ್ಡಿಂಗ್ ಯಂತ್ರ, ದೊಡ್ಡ ಗ್ರೈಂಡರ್, ಕಂಪ್ರೆಸರ್, ಗಂಟೆಗಟ್ಟಲೆ ಓಡುವ ಪಂಪ್ ಇವುಗಳಿಗೆ ನನ್ನ ಮತ ಇದಕ್ಕೇ. ವಿಚಿತ್ರವೆಂದರೆ 16 ಆಂಪಿಯರಿನ ಮನೆಯ ಪ್ಲಗ್ಗಿಗೂ 16 ಆಂಪಿಯರಿನ ನೀಲಿ ಪ್ಲಗ್ಗಿಗೂ ಅಂಕಿ ಒಂದೇ. ವ್ಯತ್ಯಾಸ ಇರುವುದು ಅದೇ 16ನ್ನು ದಿನವಿಡೀ ಹೊರುವ ತಾಕತ್ತಿನಲ್ಲಿ. ಮೂರು ಫೇಸ್ ಇದ್ದರೆ 16ರ ಕೆಂಪು ಪ್ಲಗ್ ಒಂದೇ 11 ಕಿಲೋವ್ಯಾಟ್ ಒದಗಿಸುತ್ತದೆ. ಇದಕ್ಕೆ ತೆರಬೇಕಾದದ್ದು: ಗಾತ್ರ ದೊಡ್ಡದು, ಖರ್ಚು ಹೆಚ್ಚು, ಆ ಯಂತ್ರವನ್ನು ಬೇರೆ ಕೋಣೆಗೆ ಒಯ್ದರೆ ಅಲ್ಲಿ ಅದಕ್ಕೆ ಹೊಂದುವ ಸಾಕೆಟ್ ಇರುವುದಿಲ್ಲ.

ಪ್ಲಗ್ಗೇ ಇಲ್ಲದಿರುವುದು

ಗೋಡೆಗೆ ಬಿಗಿದ ಎಸಿ, ದೊಡ್ಡ ಗೀಸರ್, ವಿದ್ಯುತ್ ಒಲೆಗಳನ್ನು ಸರಿಸುವವರು ಯಾರೂ ಇಲ್ಲ. ಅಂಥವನ್ನು ಐಸೊಲೇಟರ್ ಸ್ವಿಚ್ಚಿನ ಮೂಲಕ ನೇರವಾಗಿ ಜೋಡಿಸಿದರೆ ಸಡಿಲವಾಗುವ ಸ್ಪ್ರಿಂಗೇ ಇರುವುದಿಲ್ಲ. ಸ್ವಿಚ್ಚು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದಾಗಿರಬೇಕು. 7 ಕಿಲೋವ್ಯಾಟಿನ ತಕ್ಷಣ ನೀರು ಕಾಯಿಸುವ ಹೀಟರಿಗೆ ಇದಲ್ಲದೆ ಗತ್ಯಂತರವಿಲ್ಲ. 30 ಆಂಪಿಯರನ್ನು ಮೇಲೆ ಹೇಳಿದ ಯಾವ ಮನೆಯ ಪ್ಲಗ್ಗೂ ಹೊರುವುದಿಲ್ಲ. ಅನನುಕೂಲ ಇಷ್ಟೆ: ಉಪಕರಣ ಕೆಟ್ಟಾಗ ಕಿತ್ತು ಅಂಗಡಿಗೆ ಒಯ್ಯಲಾಗುವುದಿಲ್ಲ, ಎಲೆಕ್ಟ್ರಿಷಿಯನ್ ಬರಬೇಕು. ಬಾಡಿಗೆ ಮನೆಯವರಿಗೆ ಇದು ಒಗ್ಗದು.

ಕನ್ವರ್ಟರ್ ಮತ್ತು ಎಕ್ಸ್‌ಟೆನ್ಶನ್

ಇವನ್ನು ಆಯ್ಕೆ ಎಂದು ಕರೆಯಲು ನನಗೆ ಮನಸ್ಸಿಲ್ಲ, ಆದರೆ ಹೆಚ್ಚಿನವರು ಆರಿಸುವುದು ಇವನ್ನೇ. 16ರ ಪ್ಲಗ್ಗನ್ನು 6ರ ಸಾಕೆಟ್ಟಿಗೆ ಇಳಿಸುವ ಕನ್ವರ್ಟರ್ ಆಕಾರವನ್ನು ಹೊಂದಿಸುತ್ತದೆ, ಲೋಡನ್ನು ಇಳಿಸುವುದಿಲ್ಲ. ದೊಡ್ಡ ಪ್ಲಗ್ ಇದ್ದೂ ಕಡಿಮೆ ಕರೆಂಟ್ ಎಳೆಯುವ ಉಪಕರಣಕ್ಕೆ, ಅದೂ ಪಟ್ಟಿ ಓದಿ ಖಚಿತ ಮಾಡಿಕೊಂಡ ಮೇಲೆ ಮಾತ್ರ, ಅದು ಸರಿ. ನಾಲ್ಕು ಸಾಕೆಟ್ಟಿನ ಬೋರ್ಡಿನ ತುದಿಯಲ್ಲಿ 6ರ ಪ್ಲಗ್ ಇದ್ದರೆ ನಾಲ್ಕಕ್ಕೂ ಸೇರಿ 6 ಆಂಪಿಯರ್, ಒಂದೊಂದಕ್ಕೆ 6 ಅಲ್ಲ.

ಸುತ್ತಿಟ್ಟ ಕೇಬಲ್ ರೀಲಿನ ಬಗ್ಗೆ ವಿಶೇಷ ಎಚ್ಚರ ಬೇಕು. 1.5 ಚದರ ಮಿಲಿಮೀಟರಿನ 25 ಮೀಟರ್ ಕೇಬಲ್ ಹೋಗಿ ಬರುವ ದಾರಿಯಲ್ಲಿ ಸುಮಾರು 0.65 ಓಮ್ ರೋಧ ಒಡ್ಡುತ್ತದೆ. 13 ಆಂಪಿಯರ್ ಹರಿದರೆ ಅದರ ಮೈಯಲ್ಲಿ 110 ವ್ಯಾಟ್ ಶಾಖ. ನೆಲದ ಮೇಲೆ ಬಿಚ್ಚಿ ಹಾಸಿದರೆ ಗಾಳಿಗೆ ಹೋಗುತ್ತದೆ, ರೀಲಿನಲ್ಲೇ ಇದ್ದರೆ ಒಳಸುತ್ತುಗಳು ಒಂದನ್ನೊಂದು ಬೇಯಿಸುತ್ತವೆ. ಅದಕ್ಕೇ ರೀಲಿನ ಮೇಲೆ ಸುತ್ತಿದ್ದಾಗ ಎಷ್ಟು, ಬಿಚ್ಚಿದಾಗ ಎಷ್ಟು ಎಂದು ಎರಡು ಅಂಕಿ ಬರೆದಿರುತ್ತಾರೆ.

ಯಾರಿಗೆ ಯಾವುದು, ಖರ್ಚೆಷ್ಟು

ಪ್ಲಗ್ ಮತ್ತು ಸಾಕೆಟ್ ಈ ವ್ಯವಹಾರದಲ್ಲಿ ಅತಿ ಅಗ್ಗದ ವಸ್ತುಗಳು. ಹಣ ಹೋಗುವುದು ಗೋಡೆಯೊಳಗಿನ ವೈರಿಗೆ. ಹಾಗಾಗಿ ಕೈ ಬಿಗಿ ಇದ್ದವರು ಸಾಕೆಟ್ ಬದಲಿಸಿ ವೈರನ್ನು ಹಾಗೇ ಬಿಡುತ್ತಾರೆ. ಎಲ್ಲ ಆಯ್ಕೆಗಳಲ್ಲಿ ಕೆಟ್ಟದ್ದು ಅದು. 16 ಎಂದು ಬರೆದ ಸಾಕೆಟ್ ಕಂಡವನು ಹಿಂದೆ 1 ಚದರ ಮಿಲಿಮೀಟರ್ ವೈರಿದೆ ಎಂದು ಊಹಿಸುವುದಾದರೂ ಹೇಗೆ?

ಇಡೀ ಮನೆಯ ವೈರಿಂಗ್ ಬದಲಿಸುವ ಶಕ್ತಿ ಇಲ್ಲದಿದ್ದರೆ ಅತಿ ಭಾರದ ಒಂದು ಉಪಕರಣವನ್ನು ಆರಿಸಿ, ಅದಕ್ಕೆ ಮಾತ್ರ ಎಂಸಿಬಿ ಪೆಟ್ಟಿಗೆಯಿಂದ ಪ್ರತ್ಯೇಕ ಲೈನ್ ಎಳೆಸಿ. ಅದೂ ಆಗದಿದ್ದರೆ ಉಪಕರಣವನ್ನೇ ಕಿರಿದು ಮಾಡಿಕೊಳ್ಳಿ: 2,000ದ ಬದಲು 1,000 ವ್ಯಾಟಿನ ಹೀಟರ್, ಕಾರಿನ ಚಾರ್ಜಿಂಗಿಗೆ ಕಡಿಮೆ ಆಂಪಿಯರ್. ಕೆಲಸಕ್ಕೆ ಹೊತ್ತು ಹಿಡಿಯುತ್ತದೆ, ಖರ್ಚೇನೂ ಇಲ್ಲ. ಬಾಡಿಗೆಯವರಿಗೆ ಸಾಮಾನ್ಯವಾಗಿ ಉಳಿಯುವ ದಾರಿ ಇದೊಂದೇ. ಹೊಸ ಮನೆ ಕಟ್ಟುವವರು ಅಡುಗೆಮನೆ, ಬಚ್ಚಲು, ಎಸಿಯ ಜಾಗ, ಕಾರು ನಿಲ್ಲುವ ಜಾಗ ಇಷ್ಟಕ್ಕೆ 4 ಚದರ ಮಿಲಿಮೀಟರ್ ವೈರನ್ನು ಈಗಲೇ ಎಳೆಸಿಬಿಡಲಿ; ಗೋಡೆ ತೆರೆದಿರುವಾಗ ಹೆಚ್ಚುವ ಖರ್ಚು ಆಮೇಲೆ ಗೋಡೆ ಕೊರೆಯುವ ಖರ್ಚಿನ ಮುಂದೆ ಏನೂ ಅಲ್ಲ. ಸಣ್ಣ ಕಾರ್ಯಾಗಾರ ನಡೆಸುವವರು ಮನೆಯ ಪ್ಲಗ್ಗುಗಳಲ್ಲಿ ಉಳಿತಾಯ ಹುಡುಕದೆ ನೀಲಿ ದುಂಡು ಪ್ಲಗ್ಗಿಗೆ ಹೋಗುವುದು ಲೇಸು.

ಯಾವುದನ್ನೇ ಆರಿಸಿದರೂ ಒಂದು ಪರೀಕ್ಷೆ ಮಾಡಿ. ಉಪಕರಣವನ್ನು ಪೂರ್ಣ ಲೋಡಿನಲ್ಲಿ ಅರ್ಧ ಗಂಟೆ ಓಡಿಸಿ, ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ಪ್ಲಾಸ್ಟಿಕ್ ಭಾಗವನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಬೆರಳು ಇಟ್ಟುಕೊಳ್ಳಲಾಗದಷ್ಟು ಸುಡುತ್ತಿದ್ದರೆ ಅಥವಾ ಒಂದು ಪಿನ್ನಿನ ಬುಡ ಮಾತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಪಿನ್ನಿನ ಸ್ಕ್ರೂ ಸಡಿಲವಾಗಿದೆ, ಇಲ್ಲವೇ ಸಾಕೆಟ್ಟಿನ ಆ ಬದಿಯ ಸ್ಪ್ರಿಂಗ್ ಸೋತಿದೆ. ಆಗ ಪ್ಲಗ್ ಮತ್ತು ಸಾಕೆಟ್ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದನ್ನೇ ಬದಲಿಸಿದರೆ ಸುಟ್ಟ ಹಳೆಯದು ಹೊಸದನ್ನೂ ಕೆಲವೇ ದಿನಗಳಲ್ಲಿ ಸುಡುತ್ತದೆ.